ಸ್ಕೂಬಾ ಸಾಮಾನು ಅಂಗಡಿಯಲ್ಲಿ ತಗೊಳ್ಳೋದಾ, ಆನ್‌ಲೈನಲ್ಲಾ? ನೇತ್ರಾಣಿಯಲ್ಲಿ ಉಪ್ಪುನೀರು ಕುಡಿದು ಬಂದವನ ಪ್ರಶ್ನೆ

ಗಿರಿಜಾಮೀಸೆ:
ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ಅಂಡಮಾನಿನ ಸ್ವರಾಜ್ ದ್ವೀಪದಲ್ಲಿ ಸ್ಕೂಬಾ ಡೈವಿಂಗಿನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿದೆ. ಅಲ್ಲಿ ಎಲ್ಲಾ ಅವರದೇ ಸಾಮಾನು, ತಲೆಬಿಸಿ ಇರಲಿಲ್ಲ. ಈಗ ಹುಚ್ಚು ಹತ್ತಿದೆ, ಸ್ವಂತದ್ದು ಬೇಕು ಅನ್ನಿಸಿತು. ಮಾಸ್ಕ್‌ನಿಂದ ಶುರು ಮಾಡೋಣ ಅಂತ ಆನ್‌ಲೈನಲ್ಲಿ 2,100 ರೂಪಾಯಿ ಕೊಟ್ಟು ಒಂದು ತರಿಸಿದೆ. ನಾಲ್ಕೂವರೆ ಸ್ಟಾರ್, ಕಪ್ಪು ಸಿಲಿಕೋನ್, ಫೋಟೋದಲ್ಲಿ ಭಾರೀ ಚಂದ.

ಹೋದ ವಾರ ರಾತ್ರಿ ಬಸ್ಸಿಗೆ ಮುರುಡೇಶ್ವರ, ಬೆಳಿಗ್ಗೆ ದೋಣಿಯಲ್ಲಿ ನೇತ್ರಾಣಿ ದ್ವೀಪ. ನೀರು ತಿಳಿಯಾಗಿತ್ತು. ಹನ್ನೆರಡು ಮೀಟರ್ ಇಳಿಯುವಷ್ಟರಲ್ಲಿ ಮೂಗಿನ ಹತ್ತಿರ ನೀರು ನಿಂತಿತ್ತು. ಮೂಗಿಂದ ಊದಿ ಹೊರಹಾಕಿದೆ. ಅರ್ಧ ನಿಮಿಷಕ್ಕೆ ಮತ್ತೆ ಅದೇ. ಪಟ್ಟಿ ಬಿಗಿ ಮಾಡಿದೆ, ಇನ್ನೂ ಜಾಸ್ತಿ ಬಂತು! ಪಕ್ಕದವರು ಬರಾಕುಡಾ ಮೀನಿನ ಹಿಂಡು ನೋಡುತ್ತಿದ್ದರೆ ನಾನು ತಲೆ ಮೇಲೆತ್ತಿ ಊದುತ್ತಾ ಕೂತಿದ್ದೆ. 200 ಬಾರ್ (ಗಾಳಿಯ ಒತ್ತಡದ ಅಳತೆ) ಇದ್ದ ಟ್ಯಾಂಕ್ ಇಪ್ಪತ್ತೆಂಟು ನಿಮಿಷಕ್ಕೆ 50ಕ್ಕೆ ಬಂತು. ನನ್ನಿಂದ ಇಡೀ ಗುಂಪು ಮೇಲೆ ಬರಬೇಕಾಯಿತು.

ಮುಂದೆ ಫಿನ್ಸ್ (ಕಾಲಿಗೆ ಹಾಕುವ ರೆಕ್ಕೆ), ಡೈವ್ ಕಂಪ್ಯೂಟರ್ (ಆಳ, ಸಮಯ ತೋರಿಸುವುದು), ಆಮೇಲೆ ರೆಗ್ಯುಲೇಟರ್ (ಟ್ಯಾಂಕಿನ ಗಾಳಿಯನ್ನು ಬಾಯಿಗೆ ಕೊಡುವುದು) ತಗೊಳ್ಳುವ ಯೋಚನೆ. ಬೆಂಗಳೂರಿನ ಅಂಗಡಿಯಲ್ಲಿ ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಆನ್‌ಲೈನ್ ಕಡಿಮೆ. ಆದರೆ ಮಾಸ್ಕ್ ಅನುಭವ ಆದಮೇಲೆ ಧೈರ್ಯ ಇಲ್ಲ. ನೀವೆಲ್ಲ ಏನು ಮಾಡುತ್ತೀರಿ?

ಕಾಪುವಿನ ಆಮೆ:
ಮೊದಲು ಒಂದು ಪ್ರಶ್ನೆ ಮಾರಾಯ್ರೇ. ಹೆಸರಲ್ಲಿರುವ ಮೀಸೆ ಮುಖದಲ್ಲೂ ಉಂಟಾ?

ಗಿರಿಜಾಮೀಸೆ:
ಇದೆ. ಯಾಕೆ?

ಕಾಪುವಿನ ಆಮೆ:
ಹಾಗಾದರೆ ಪಾಪದ ಮಾಸ್ಕಿಗೆ ಬೈಯಬೇಡಿ. ಸಿಲಿಕೋನ್ ಅಂಚು ಚರ್ಮಕ್ಕೆ ಅಂಟಬೇಕು, ಮೀಸೆಗೆ ಅಲ್ಲ. ಕೂದಲಿನ ಸಂದಿಯಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ. ಮೂಗಿನ ಕೆಳಗೆ ಸಣ್ಣ ಪಟ್ಟಿಯಷ್ಟು ಜಾಗ ಟ್ರಿಮ್ ಮಾಡಿ, ಸಾಕು.

ಸುಮ್ನೆ ನೋಡುವವ:
ಅಂಗಡಿ ಆದರೂ ಆನ್‌ಲೈನ್ ಆದರೂ ಕ್ಷೌರ ಮಾತ್ರ ಲೋಕಲ್ ಅಂತಾಯಿತು 😄

ಕಡಿಮೆಬೆಲೆ ಕಿಟ್ಟಪ್ಪ:
ನಾನು ಎಂಟು ವರ್ಷದಿಂದ ಎಲ್ಲಾ ಆನ್‌ಲೈನಲ್ಲೇ ತಗೊಂಡಿದ್ದೇನೆ. ಮಾಸ್ಕ್, ಫಿನ್ಸ್, ಬೂಟಿ (ಫಿನ್ಸ್ ಒಳಗೆ ಹಾಕುವ ಕಾಲುಚೀಲ), ಟಾರ್ಚ್, ಎಸ್‌ಎಂಬಿ (ನಾವಿರುವ ಜಾಗ ದೋಣಿಗೆ ತೋರಿಸುವ ತೇಲುಬುರುಡೆ), ಅದರ ದಾರದ ರೀಲ್, ಕಂಪ್ಯೂಟರ್. ಒಂದೂ ಕೈ ಕೊಟ್ಟಿಲ್ಲ. ಅಂಗಡಿಯವರು ಇರೋದೇ ನಾಲ್ಕು ಮಾಡೆಲ್. ಅದರಲ್ಲಿ ನಿಮ್ಮ ಸೈಜ್ ಇರಲ್ಲ. "ಇದೇ ನಿಮಗೆ ಕರೆಕ್ಟ್ ಸಾರ್" ಅಂತ ಇರೋದನ್ನೇ ತಲೆಗೆ ಕಟ್ಟುತ್ತಾರೆ. ನನಗೆ ಒಬ್ಬರು ಎರಡು ಸೈಜ್ ದೊಡ್ಡ ಫಿನ್ಸ್ ಕೊಟ್ಟು, "ದಪ್ಪ ಬೂಟಿ ಹಾಕಿದರೆ ಸರಿಹೋಗುತ್ತೆ" ಅಂದಿದ್ದರು. ಸರಿಹೋಗಲಿಲ್ಲ, ಕಾಲಿಗೆ ಸೆಳೆತ ಬಂತು. ಅದೇ ಕೊನೆ.

ಬೆಲೆ ಹೋಲಿಸಿ, ರಿವ್ಯೂ ಓದಿ, ತಗೊಳ್ಳಿ. ಅಷ್ಟೇ.

ಐದುಮೀಟರ್ ಮೂರುನಿಮಿಷ:
@ಗಿರಿಜಾಮೀಸೆ, ನಾನು ಕೋರ್ಸ್ ಹೇಳಿಕೊಡುವವನು. ಅಂಗಡಿ ಇಲ್ಲ, ಕಮಿಷನ್ ಇಲ್ಲ. ಹಾಗಾಗಿ ಬಿಚ್ಚಿ ಹೇಳುತ್ತೇನೆ.

ಮೀಸೆ ಒಂದು ಕಾರಣ ಇರಬಹುದು. ಆದರೆ ಪಟ್ಟಿ ಬಿಗಿ ಮಾಡಿದಾಗ ಜಾಸ್ತಿ ನೀರು ಬಂತು ಅಂದಿರಲ್ಲ, ಅಲ್ಲಿ ಸುಳಿವಿದೆ. ಅಳತೆ ಸರಿಯಿಲ್ಲದ ಮಾಸ್ಕಿನ ಪಟ್ಟಿ ಎಳೆದರೆ ಅಂಚು ಮಡಚಿಕೊಳ್ಳುತ್ತದೆ, ಸಂದಿ ದೊಡ್ಡದಾಗುತ್ತದೆ. ಪಟ್ಟಿ ಇರೋದು ಮಾಸ್ಕ್ ಬಿದ್ದುಹೋಗದ ಹಾಗೆ. ಮುಖಕ್ಕೆ ಒತ್ತಿ ಹಿಡಿಯುವ ಕೆಲಸ ನೀರಿನದ್ದು.

ಮಾಸ್ಕ್ ನೋಡುವ ರೀತಿ ಹೀಗೆ. ಪಟ್ಟಿ ಮುಂದಕ್ಕೆ ಮಡಚಿ. ಮಾಸ್ಕನ್ನು ಮುಖಕ್ಕೆ ಇಟ್ಟು ಮೂಗಿಂದ ಮೆಲ್ಲಗೆ ಉಸಿರು ಎಳೆದು ಕೈ ಬಿಡಿ. ಬೀಳಬಾರದು. ಇಲ್ಲಿ ಎಲ್ಲರೂ ಮಾಡುವ ತಪ್ಪು, ಜೋರಾಗಿ ಎಳೆಯೋದು. ಜೋರಾಗಿ ಎಳೆದರೆ ಪಾತ್ರೆ ಮುಚ್ಚಳ ಕೂಡ ಮುಖಕ್ಕೆ ಅಂಟುತ್ತದೆ. ಇನ್ನೊಂದು ವಿಷಯ, ಬಾಯಲ್ಲಿ ಸ್ನಾರ್ಕೆಲ್ಲೋ (ಉಸಿರಾಟದ ಕೊಳವೆ) ರೆಗ್ಯುಲೇಟರ್ ಮೌತ್‌ಪೀಸೋ ಕಚ್ಚಿಕೊಂಡು ನೋಡಿ. ಕಚ್ಚಿದಾಗ ಕೆನ್ನೆ, ಮೇಲ್ದುಟಿಯ ಆಕಾರ ಬದಲಾಗುತ್ತದೆ. ಬಾಯಿ ಮುಚ್ಚಿ ನೋಡಿದರೆ ಸರಿ ಇದ್ದ ಮಾಸ್ಕ್ ಆಗ ಸೋರುತ್ತದೆ. ಇದನ್ನು ಫೋಟೋ ನೋಡಿ ತಿಳಿಯೋದು ಹೇಗೆ ಹೇಳಿ?

ನಾನು ಮಾಸ್ಕ್, ಫಿನ್ಸ್, ಬಿಸಿಡಿ (ಗಾಳಿ ತುಂಬುವ ಜಾಕೆಟ್) ಮೂರನ್ನೂ ಮೈಗೆ ಹಾಕಿ ನೋಡದೆ ತಗೊಳ್ಳಲ್ಲ.

ಕಡಿಮೆಬೆಲೆ ಕಿಟ್ಟಪ್ಪ:
ಸರಿ, ಅಂಗಡಿಗೆ ಹೋಗಿ ಹಾಕಿ ನೋಡಿ, ಮಾಡೆಲ್ ಹೆಸರು ಬರೆದುಕೊಂಡು ಬಂದು ಆನ್‌ಲೈನಲ್ಲಿ ತರಿಸಿದರಾಯಿತು. ಎರಡೂ ಲಾಭ.

ಗಲ್ಲಾಪೆಟ್ಟಿಗೆ:
ಈ ಮಾತಿಗೇ ಕಾಯುತ್ತಿದ್ದೆ. ನನ್ನದು ಚಿಕ್ಕ ಅಂಗಡಿ, ಊರು ಹೇಳಲ್ಲ. ಹೋದ ಶನಿವಾರ ಒಬ್ಬರು ಬಂದರು. ಒಂದು ಗಂಟೆ ಕೂತು ಏಳು ಮಾಸ್ಕ್ ಹಾಕಿದರು. ಬೆವರು ಒರೆಸಿ ಒರೆಸಿ ಕೊಟ್ಟೆ. ಕಾಫಿ ತರಿಸಿದೆ. ಕೊನೆಗೆ ಡಬ್ಬಿ ತಿರುಗಿಸಿ ಬಾರ್‌ಕೋಡ್ ಫೋಟೋ ಹೊಡೆದುಕೊಂಡು "ಮನೇಲಿ ಕೇಳಿ ಬರ್ತೀನಿ" ಅಂದರು. ಮನೇಲಿ ಏನು ಕೇಳ್ತಾರೆ, ಅತ್ತೆ ಡೈವ್ ಮಾಡ್ತಾರಾ?

ಒಂದು ಫಿನ್ಸ್ ಮಾಡೆಲ್ ಇಡಬೇಕಾದರೆ ನಾಲ್ಕು ಸೈಜ್ ಇಡಬೇಕು. ಎರಡು ಸೈಜ್ ಮಾರುತ್ತವೆ, ಉಳಿದ ಎರಡು ಧೂಳು ಹಿಡಿಯುತ್ತವೆ. ಮಳೆಗಾಲದಲ್ಲಿ ನೇತ್ರಾಣಿ, ಗೋವಾ ಎರಡೂ ಕಡೆ ಡೈವಿಂಗ್ ಬಂದ್. ಅಂಗಡಿ ಬಾಡಿಗೆ ಬಂದ್ ಆಗಲ್ಲ. ಬೆಲೆ ಯಾಕೆ ಜಾಸ್ತಿ ಅಂದರೆ ಇದಕ್ಕೆ.

ಕಡಿಮೆಬೆಲೆ ಕಿಟ್ಟಪ್ಪ:
ನಿಮ್ಮ ಬಾಡಿಗೆ ಕಟ್ಟೋದು ನನ್ನ ಕೆಲಸವಾ ಸಾರ್?

ಗಲ್ಲಾಪೆಟ್ಟಿಗೆ:
ಅಲ್ಲ. ನಿಮ್ಮ ಮುಖ ಅಳೆಯೋದು ನನ್ನ ಕೆಲಸವಾ?

ಹುಬ್ಬಳ್ಳಿ ಮೀನ:
ಏನ್ರೀ ಇದು, ಇಬ್ಬರೂ ಸ್ವಲ್ಪ ಮೇಲೆ ಬಂದು ಉಸಿರು ತಗೋರಿ. ನಮ್ಮ ಕಡೆ ಅಂಗಡಿನೇ ಇಲ್ಲ. ಮಾಸ್ಕ್ ನೋಡಬೇಕಂದರೂ ಬೆಂಗಳೂರಿಗೋ ಗೋವಾಕ್ಕೋ ಹೋಗಬೇಕು. ನಾವೇನು ಮಾಡೋದು? ಆನ್‌ಲೈನ್ ಇಲ್ಲದಿದ್ದರೆ ನನ್ನ ಹತ್ತಿರ ಫಿನ್ಸೇ ಇರುತ್ತಿರಲಿಲ್ಲ.

ಬನಶಂಕರಿ ಬಬಲ್ಸ್:
@ಹುಬ್ಬಳ್ಳಿ ಮೀನ, ವಾಪಸ್ ತಗೊಳ್ಳುವ ಕಡೆ ತರಿಸಿ, ಮನೆಯಲ್ಲಿ ಮೇಲೆ ಹೇಳಿದ ಹಾಗೆ ಹಾಕಿ ನೋಡಿ. ನೀರಿಗೆ ಇಳಿಸುವ ಮುಂಚೆ ನೋಡಬೇಕು, ಆಮೇಲೆ ವಾಪಸ್ ಆಗಲ್ಲ. ಡೆಕಾತ್ಲಾನ್ ದೊಡ್ಡ ಮಳಿಗೆ ಇದ್ದರೆ ಅವರ ಸುಬಿಯಾ ಮಾಸ್ಕ್ ಸಿಗುತ್ತಾ ನೋಡಿ, ಅಲ್ಲೇ ಹಾಕಿ ನೋಡಬಹುದು. ಅಲ್ಲಿ ಇಡೀ ಮುಖ ಮುಚ್ಚುವ ಈಸಿಬ್ರೆತ್ ಅಂತ ಒಂದಿದೆ. ಅದು ನೀರ ಮೇಲ್ಮೈಯಲ್ಲಿ ಸ್ನಾರ್ಕೆಲ್ ಮಾಡಲು ಮಾತ್ರ. ನನ್ನ ಭಾವ ಅದನ್ನು ಡೈವಿಂಗಿಗೆ ಅಂತ ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಮೂಗು ಹಿಡಿದು ಕಿವಿಯ ಒತ್ತಡ ಸರಿಮಾಡೋಕೇ ಆಗಲ್ಲ ಅದರಲ್ಲಿ. ಈಜುಕೊಳದ ಕನ್ನಡಕವೂ ಬೇಡ, ಮೂಗು ಹೊರಗೆ ಉಳಿಯುತ್ತದೆ.

ಕನ್ನಡಕ ಹಾಕುವವರಿಗೆ ಪವರ್ ಗಾಜು ಕೂರಿಸುವ ಮಾಸ್ಕ್ ಇದೆ. ನನ್ನದು ಮೈನಸ್ ಮೂರೂವರೆ. ಅದನ್ನು ಹಾಕಿದ ದಿನವೇ ಗೊತ್ತಾಗಿದ್ದು, ಅಷ್ಟು ದಿನ ನಾನು ಬರೀ ನೀಲಿ ಬಣ್ಣ ನೋಡಿ ಬರುತ್ತಿದ್ದೆ ಅಂತ.

ಫುಜೈರಾ ಅಕ್ಕ:
ಮಂಗಳೂರಿನವಳು, ಈಗ ದುಬೈಯಲ್ಲಿ. ಇಲ್ಲಿ ಅಂಗಡಿಯಲ್ಲಿ ನೋಡಿ, ಚೌಕಾಸಿ ಮಾಡಿ ತಗೊಳ್ಳುತ್ತೇನೆ. ಹೌದು, ಚೌಕಾಸಿ. ಆನ್‌ಲೈನ್ ಬೆಲೆ ತೋರಿಸಿ "ಇಷ್ಟಕ್ಕೆ ಕೊಡ್ತೀರಾ" ಅಂತ ನೇರ ಕೇಳಿದರೆ ಎಷ್ಟೋ ಸಲ ಕೊಡುತ್ತಾರೆ, ಇಲ್ಲದಿದ್ದರೆ ಸ್ನಾರ್ಕೆಲ್ಲೋ ಬೂಟಿಯೋ ಜೊತೆಗೆ ಹಾಕುತ್ತಾರೆ. @ಗಿರಿಜಾಮೀಸೆ ನೀವು ಕೇಳಿದಿರಾ? ಅಥವಾ ಬೆಲೆಚೀಟಿ ನೋಡಿ ಓಡಿಬಂದಿರಾ?

ಊರಿಗೆ ಬರುವಾಗ ಗೆಳತಿಯರು "ಅಕ್ಕಾ ಒಂದು ಕಂಪ್ಯೂಟರ್ ತಂದುಕೊಡಿ" ಅನ್ನುತ್ತಾರೆ. ಸುಂಕ ಇಲ್ಲದೆ ತರುವುದಕ್ಕೆ ಮಿತಿ ಇದೆ. 2016ರ ಬ್ಯಾಗೇಜ್ ನಿಯಮದಲ್ಲಿ 50,000 ರೂಪಾಯಿ ಅಂತ ಇತ್ತು. ಹೊರಡುವ ಮುಂಚೆ ಈಗಿನದು ನೋಡಿಕೊಳ್ಳಿ. ಬಿಲ್ ಜೊತೆಗಿರಲಿ.

ಗಿರಿಜಾಮೀಸೆ:
@ಫುಜೈರಾ ಅಕ್ಕ, ಓಡಿಬಂದೆ 🙈

ಕಿಂಗ್‌ಫಿಶರ್ ಅಲ್ಲ ಮಿಂಚುಳ್ಳಿ:
ಆನ್‌ಲೈನ್ ಅಗ್ಗ ಅನ್ನುವವರು ನನ್ನ ಕಥೆ ಕೇಳಿ. ಯೂರೋಪಿನ ಒಂದು ಜಾಲತಾಣದಲ್ಲಿ ಕಂಪ್ಯೂಟರ್ ನೋಡಿದೆ. ಇಲ್ಲಿನ ಬೆಲೆಗಿಂತ ಒಂಬತ್ತು ಸಾವಿರ ಕಡಿಮೆ. ಕುಣಿದು ಆರ್ಡರ್ ಮಾಡಿದೆ. ವಾರ ಬಿಟ್ಟು ಕೊರಿಯರ್‌ನವರ ಫೋನ್. ಆಧಾರ್ ಕಳಿಸಿ, ಬಿಲ್ ಕಳಿಸಿ, ಸುಂಕ ಕಟ್ಟಿ, ಅದರ ಮೇಲೆ ತೆರಿಗೆ ಕಟ್ಟಿ, ಅದನ್ನೆಲ್ಲ ಕಟ್ಟಿಸಿಕೊಂಡಿದ್ದಕ್ಕೆ ಅವರ ಶುಲ್ಕ ಬೇರೆ ಕಟ್ಟಿ. ಕೂಡಿಸಿ ನೋಡಿದರೆ ಇಲ್ಲಿಗಿಂತ ಎರಡು ಸಾವಿರ ಜಾಸ್ತಿ.

ಇನ್ನೂ ಇದೆ. ಆರು ತಿಂಗಳಿಗೆ ಬಟನ್ ಕೆಟ್ಟಿತು. ವಾರಂಟಿ ಇದೆ, ಆದರೆ ಕೊಂಡ ದೇಶದಲ್ಲಿ. ಕಳಿಸುವ ಖರ್ಚು ನನ್ನದು. ರಿಪೇರಿಯಾಗಿ ವಾಪಸ್ ಬರುವಾಗ ಮತ್ತೆ ಕಸ್ಟಮ್ಸ್ ಬಾಗಿಲು. ಈಗ ಅದು ಬಟ್ಟೆ ಬೀರುವಿನಲ್ಲಿ ಇದೆ. ಟೈಮ್ ಮಾತ್ರ ಕರೆಕ್ಟಾಗಿ ತೋರಿಸುತ್ತದೆ.

ಕಡಿಮೆಬೆಲೆ ಕಿಟ್ಟಪ್ಪ:
ಅದು ಹೊರದೇಶದಿಂದ ತರಿಸಿದ್ದು. ನಾನು ಹೇಳುತ್ತಿರೋದು ಇಲ್ಲಿನ ಆನ್‌ಲೈನ್ ಅಂಗಡಿ. ಎರಡನ್ನೂ ಕಲಸಬೇಡಿ.

ಕಿಂಗ್‌ಫಿಶರ್ ಅಲ್ಲ ಮಿಂಚುಳ್ಳಿ:
ಸರಿ, ಒಪ್ಪಿದೆ. ಆದರೆ ಇಲ್ಲಿನವರಲ್ಲೂ ಕೆಲವರು ಅಧಿಕೃತ ಮಾರಾಟಗಾರರಲ್ಲ. "ಸೆಲ್ಲರ್ ವಾರಂಟಿ" ಅಂತ ಬರೆದಿರುತ್ತಾರೆ, ಅಂದರೆ ಕಂಪನಿಗೂ ಅದಕ್ಕೂ ಸಂಬಂಧ ಇಲ್ಲ. ಆ ಸಾಲು ಓದದೆ ದುಡ್ಡು ಕಟ್ಟಬೇಡಿ.

ಓರಿಂಗ್ ಶಾಸ್ತ್ರಿ:
ಮಾಸ್ಕ್ ಫಿನ್ಸ್ ಬಗ್ಗೆ ಕಿತ್ತಾಡಿ, ನನಗೇನು. ರೆಗ್ಯುಲೇಟರ್ ಅಂದರಲ್ಲ, ಅದಕ್ಕೆ ಬಂದೆ. ರೆಗ್ಯುಲೇಟರ್ ಸರ್ವಿಸ್ ನನ್ನ ಹೊಟ್ಟೆಪಾಡು.

ಟ್ಯಾಂಕಿನಲ್ಲಿ 200 ಬಾರ್ ಇರುತ್ತದೆ. ರೆಗ್ಯುಲೇಟರಿನ ಫಸ್ಟ್ ಸ್ಟೇಜ್ (ಟ್ಯಾಂಕಿಗೆ ಕೂರುವ ಭಾಗ) ಅದನ್ನು ಸುತ್ತಲಿನ ಒತ್ತಡಕ್ಕಿಂತ ಒಂಬತ್ತು ಹತ್ತು ಬಾರ್ ಮೇಲೆ ಇಳಿಸಿ ನಿಲ್ಲಿಸುತ್ತದೆ. ಅಲ್ಲಿಂದ ನಿಮ್ಮ ಬಾಯಿಗೆ ಬೇಕಾದಷ್ಟೇ ಕೊಡೋದು ಸೆಕೆಂಡ್ ಸ್ಟೇಜ್. ಹೋದ ತಿಂಗಳು ಒಬ್ಬ ಹುಡುಗ ಆನ್‌ಲೈನಲ್ಲಿ ತಗೊಂಡ ರೆಗ್ಯುಲೇಟರ್ ತಂದ. "ಹೊಸದು ಸಾರ್, ಸುಮ್ನೆ ಬುಸ್ ಅನ್ನುತ್ತೆ" ಅಂದ. ಟ್ಯಾಂಕಿಗೆ ಹಾಕಿ, ಬಿಸಿಡಿ ಪೈಪಿನ ತುದಿಗೆ ಗೇಜ್ ಸಿಕ್ಕಿಸಿದೆ. ಮುಳ್ಳು ಒಂಬತ್ತೂವರೆಗೆ ನಿಂತಿತು. ಇಬ್ಬರೂ ನೋಡುತ್ತಾ ನಿಂತೆವು. ಹತ್ತು. ಹತ್ತೂಕಾಲು. ನಿಲ್ಲಲೇ ಇಲ್ಲ, ಗಡಿಯಾರದ ಮುಳ್ಳಿನ ಹಾಗೆ ಮೆಲ್ಲಗೆ ಹತ್ತುತ್ತಾ ಹೋಯಿತು. ಹನ್ನೊಂದು ದಾಟುತ್ತಿದ್ದ ಹಾಗೆ ಸೆಕೆಂಡ್ ಸ್ಟೇಜ್ ಬುಸ್ ಅಂತು. ಫಸ್ಟ್ ಸ್ಟೇಜ್ ಒಳಗಿನ ಸೀಟ್ (ಗಾಳಿ ತಡೆಯುವ ಬಿಲ್ಲೆ) ಸರಿಯಾಗಿ ಮುಚ್ಚುತ್ತಿಲ್ಲ ಅಂತ ಅರ್ಥ. ಹೊಸದೇ, ಆದರೆ ಯಾವ ಗೋದಾಮಿನಲ್ಲಿ ಎಷ್ಟು ವರ್ಷ ಕೂತಿತ್ತೋ.

ಸೀಟ್ ಹಾಕಿಕೊಡಬಹುದಿತ್ತು. ಆ ಬ್ರ್ಯಾಂಡಿನ ಬಿಡಿಭಾಗದ ಕಿಟ್ ನನ್ನ ಹತ್ತಿರ ಇಲ್ಲ. ಗೊತ್ತಿರುವ ಮೂವರಿಗೆ ಫೋನ್ ಮಾಡಿದೆ, ಅವರ ಹತ್ತಿರವೂ ಇಲ್ಲ. ಹುಡುಗ ಮುಖ ಸಪ್ಪೆ ಮಾಡಿಕೊಂಡು ಹೋದ.

ಹಾಗಾಗಿ ರೆಗ್ಯುಲೇಟರ್ ತಗೊಳ್ಳುವವರು ಬೆಲೆ ಆಮೇಲೆ ಕೇಳಿ. "ಇದರ ಸರ್ವಿಸ್ ಕಿಟ್ ಯಾರ ಹತ್ತಿರ ಇದೆ, ಯಾರು ಮಾಡುತ್ತಾರೆ" ಅಂತ ಮೊದಲು ಕೇಳಿ. ಉತ್ತರ ಕೊಡುವವನ ಹತ್ತಿರ ತಗೊಳ್ಳಿ. ಅವನು ಅಂಗಡಿಯವನೋ ಆನ್‌ಲೈನೋ ನನಗೆ ಮುಖ್ಯ ಅಲ್ಲ.

ಕಡಿಮೆಬೆಲೆ ಕಿಟ್ಟಪ್ಪ:
ಇದು ಮಾತ್ರ ಒಪ್ಪುತ್ತೇನೆ ಶಾಸ್ತ್ರಿಗಳೇ. ನಾನೂ ರೆಗ್ಯುಲೇಟರ್ ತಗೊಂಡಿಲ್ಲ, ಬಾಡಿಗೆಯದ್ದೇ.

ಗಲ್ಲಾಪೆಟ್ಟಿಗೆ:
ಓಹೋ! "ಎಲ್ಲಾ ಆನ್‌ಲೈನಲ್ಲೇ" ಅಂದವರು ಯಾರು?

ಕಡಿಮೆಬೆಲೆ ಕಿಟ್ಟಪ್ಪ:
ಪಟ್ಟಿ ಓದಿ ಸಾರ್, ಅದರಲ್ಲಿ ರೆಗ್ಯುಲೇಟರ್ ಬರೆದಿಲ್ಲ 😏

ತಣ್ಣೀರು ಗೌಡ:
ಮಂಡ್ಯದವನು, ಹ್ಯಾಂಬರ್ಗ್ ಹತ್ತಿರ ಇದ್ದೇನೆ. ಇಲ್ಲಿ ಡೈವಿಂಗ್ ಅಂದರೆ ಹೆಮ್ಮೋರ್ ಕೆರೆ. ಹಳೇ ಸುಣ್ಣಕಲ್ಲಿನ ಗಣಿ, ನೀರು ತುಂಬಿದೆ. ತಳದಲ್ಲಿ ಬೇಸಿಗೆಯಲ್ಲೂ ನಡುಕ. ರೆಗ್ಯುಲೇಟರ್ ಮೇಲೆ ">10°C" (ಹತ್ತು ಡಿಗ್ರಿಗಿಂತ ಬೆಚ್ಚಗಿನ ನೀರಿಗೆ ಮಾತ್ರ) ಅಂತ ಗುರುತಿದ್ದರೆ ಅದು ತಣ್ಣೀರಿಗೆ ಆಗಲ್ಲ, ಒಳಗೆ ಮಂಜುಗಟ್ಟಿ ಗಾಳಿ ಒಂದೇ ಸಮ ನುಗ್ಗಬಹುದು. ನಿಮಗೆ ಅಂಡಮಾನಿನಲ್ಲಿ ಆ ಚಿಂತೆ ಇಲ್ಲ, ತಣ್ಣೀರಿನ ಮಾಡೆಲ್‌ಗೆ ಜಾಸ್ತಿ ದುಡ್ಡು ಸುರಿಯಬೇಡಿ.

ನನ್ನ ತಪ್ಪು ಬೇರೆ. ಇಲ್ಲಿ ಎಲ್ಲಾ ಡಿನ್, ಅಂದರೆ ವಾಲ್ವ್ ಒಳಗೆ ತಿರುಗಿಸಿ ಹಾಕೋದು. ಊರಿಗೆ ಬಂದಾಗ ನನ್ನ ರೆಗ್ಯುಲೇಟರ್ ಹೊತ್ತುಕೊಂಡು ನೇತ್ರಾಣಿಗೆ ಹೋದೆ. ದೋಣಿಯಲ್ಲಿ ಇದ್ದದ್ದೆಲ್ಲ ಯೋಕ್ ಟ್ಯಾಂಕ್, ಅಂದರೆ ವಾಲ್ವ್ ಮೇಲೆ ಹೊರಗಿಂದ ಕೂರಿಸಿ ಬಿಗಿ ಮಾಡೋದು. ಎರಡು ಕೆಜಿ ಲೋಹ ಹೊತ್ತುಕೊಂಡು ಹೋಗಿ ಅವರದ್ದೇ ರೆಗ್ಯುಲೇಟರ್ ಕಚ್ಚಿಕೊಂಡು ಇಳಿದೆ. ಒಂದು ಅಡಾಪ್ಟರ್ ಇದ್ದಿದ್ದರೆ ಸಾಕಿತ್ತು. ಆನ್‌ಲೈನಲ್ಲಿ ತರಿಸುವವರು ಇದನ್ನು ನೋಡಿಕೊಳ್ಳಿ, ಫೋಟೋದಲ್ಲಿ ಎರಡೂ ಒಂದೇ ತರ ಹೊಳೆಯುತ್ತವೆ.

ಸುಮ್ನೆ ನೋಡುವವ:
ನೇತ್ರಾಣಿಗೆ ಹೋದವರು ಊಟ ಎಲ್ಲಿ ಮಾಡಿದಿರಿ ಅಂತ ಯಾರೂ ಹೇಳುತ್ತಿಲ್ಲವಲ್ಲ.

ಕಾಪುವಿನ ಆಮೆ:
ದೋಣಿಯಲ್ಲಿ ಹೊಟ್ಟೆ ತೊಳೆಸಿ ಮೀನಿಗೇ ಊಟ ಹಾಕಿ ಬಂದವರು ಎಲ್ಲಿ ಊಟ ಮಾಡೋದು. ನಾನಂತೂ ಇಳಿದ ಮೇಲೆ ಗಂಜಿ.

ಬನಶಂಕರಿ ಬಬಲ್ಸ್:
ವಾಂತಿ ಮಾತ್ರೆ ತಗೊಳ್ಳುವವರು ಮೊದಲು ಡಾಕ್ಟರನ್ನು ಕೇಳಿ. ಕೆಲವು ಮಾತ್ರೆ ನಿದ್ದೆ ತರಿಸುತ್ತವೆ. ಹದಿನೆಂಟು ಮೀಟರಿನಲ್ಲಿ ತೂಕಡಿಸಿದರೆ ಕಷ್ಟ.

ಹುಬ್ಬಳ್ಳಿ ಮೀನ:
ವಿಷಯಕ್ಕೆ ಬರೋಣ. ಶಾಸ್ತ್ರಿಗಳೇ, ಓ-ರಿಂಗ್ (ಗಾಳಿ ಸೋರದಂತೆ ಹಾಕುವ ರಬ್ಬರ್ ಬಳೆ) ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಐದು ರೂಪಾಯಿಗೆ ಸಿಗುತ್ತದಂತೆ, ಡೈವಿಂಗ್ ಹೆಸರು ಹಾಕಿದರೆ ಐವತ್ತು. ಹೌದಾ?

ಓರಿಂಗ್ ಶಾಸ್ತ್ರಿ:
ಅರ್ಧ ಹೌದು. ಯೋಕ್ ಟ್ಯಾಂಕಿನ ವಾಲ್ವ್ ಮುಖದಲ್ಲಿ ಕೂರುವ ರಿಂಗ್ 014 ಅಳತೆ, ಒಳವ್ಯಾಸ 12.42 ಮಿಮೀ, ದಪ್ಪ 1.78. ನೈಟ್ರೈಲ್ ರಬ್ಬರ್, ಗಡಸು 90 ಕೇಳಿ. ಹತ್ತು ತಗೊಂಡು ಚೀಲದಲ್ಲಿ ಹಾಕಿಡಿ. ಎಷ್ಟೋ ಡೈವ್ ನಿಲ್ಲೋದು ಆ ಐದು ರೂಪಾಯಿ ರಿಂಗಿಗೆ. ಆದರೆ 70ರ ಮೆತ್ತನೆಯದು ಕೊಟ್ಟುಬಿಡುತ್ತಾರೆ, ನೋಡಲು ಒಂದೇ ತರ. ಅದು ಒತ್ತಡಕ್ಕೆ ಹೊರಗೆ ಚಿಮ್ಮಬಹುದು. ಇನ್ನು ಫಸ್ಟ್ ಸ್ಟೇಜ್ ಬಿಚ್ಚಿ ಒಳಗೆಲ್ಲ ಜೆ.ಸಿ. ರಸ್ತೆ ರಿಂಗ್ ತುಂಬುವ ಸಾಹಸ ಬೇಡ. ಆಮ್ಲಜನಕ ಜಾಸ್ತಿ ಇರುವ ಗಾಳಿಗೆ ರಿಂಗೇ ಬೇರೆ, ಗ್ರೀಸೇ ಬೇರೆ.

ಕಡಿಮೆಬೆಲೆ ಕಿಟ್ಟಪ್ಪ:
ನೋಡಿ, ಐದು ರೂಪಾಯಿಗೆ ಕೊಡುವ ಜೆ.ಸಿ. ರಸ್ತೆ ಕೂಡ ಲೋಕಲ್ ಅಂಗಡಿಯೇ. ಅಂಗಡಿ ಅಂದರೆ ದುಬಾರಿ ಆಗಲೇಬೇಕು ಅಂತಿಲ್ಲ.

ಗಲ್ಲಾಪೆಟ್ಟಿಗೆ:
ನೀವೇ ಹೇಳಿದಿರಿ, ನಾನು ಹೇಳಲಿಲ್ಲ.

ಐದುಮೀಟರ್ ಮೂರುನಿಮಿಷ:
ಟ್ಯಾಂಕ್ ತಗೊಳ್ಳೋಣವಾ ಅಂತ ಯಾರೋ ಖಾಸಗಿಯಾಗಿ ಕೇಳಿದರು. ಬೇಡ. ಹೆಚ್ಚಿನ ಕಡೆ ಡೈವ್ ದರದಲ್ಲೇ ಟ್ಯಾಂಕ್ ಸೇರಿರುತ್ತದೆ. ಸಿಲಿಂಡರಿಗೆ ಪೆಸೋ (ಸಿಲಿಂಡರ್ ಸುರಕ್ಷತೆ ನೋಡುವ ಕೇಂದ್ರ ಸಂಸ್ಥೆ) ನಿಯಮ, ಆಗಾಗ ನೀರಿನ ಒತ್ತಡದ ಪರೀಕ್ಷೆ, ತುಂಬಿಸುವ ಕಂಪ್ರೆಸರ್ ಹುಡುಕಾಟ. ಮನೆಯಲ್ಲಿಟ್ಟು ಪೂಜೆ ಮಾಡಬೇಕಷ್ಟೇ. ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ ಕೊಡೋದು 15 ಕೆಜಿ. ಅದರಲ್ಲಿ ಬಿಸಿಡಿ, ಫಿನ್ಸ್ ಇಟ್ಟರೆ ಚಡ್ಡಿಗೆ ಜಾಗ ಇರಲ್ಲ. ನನ್ನ ವಿದ್ಯಾರ್ಥಿಗಳಿಗೆ ಹೇಳುವ ಕ್ರಮ: ಮೊದಲು ಮಾಸ್ಕ್, ಆಮೇಲೆ ಕಂಪ್ಯೂಟರ್. ವರ್ಷಕ್ಕೆ ಎರಡು ಸಲ ಡೈವ್ ಹೋಗುವವರು ಅಲ್ಲಿಗೇ ನಿಲ್ಲಿಸಿ.

ಗಿರಿಜಾಮೀಸೆ:
ಹೊಸ ಸುದ್ದಿ. ಎಲ್ಲರ ಮಾತು ಓದಿ, ನಿನ್ನೆ ಆ ಮಾಸ್ಕನ್ನೇ ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋದೆ. ನಾಚಿಕೆ ಆಗುತ್ತಿತ್ತು, ಆನ್‌ಲೈನ್ ಮಾಲು ಅಂತ ಬಚ್ಚಿಡದೆ ಹೇಳಿದೆ. ಅಂಗಡಿಯವರು ಬೈಯಲಿಲ್ಲ. ಮಾಸ್ಕ್ ತಿರುಗಿಸಿ ಗಾಜನ್ನು ಬೆಳಕಿಗೆ ಹಿಡಿದರು. ಮೂಲೆಯಲ್ಲಿ "ಟೆಂಪರ್ಡ್" ಅಂತ ಸಣ್ಣ ಅಕ್ಷರ ಇರಬೇಕಂತೆ, ಇತ್ತು. "ಮಾಲು ಪರವಾಗಿಲ್ಲ, ಮುಖ ನಿಮ್ಮದಲ್ಲ" ಅಂದರು. ಅಂದರೆ ಆ ಅಳತೆ ನನ್ನ ಮುಖದ್ದಲ್ಲ ಅಂತ. ಕೆನ್ನೆ ಹತ್ತಿರ ಬೆರಳು ಆಡಿಸಿ ತೋರಿಸಿದರು. ಎಡಗಡೆ ಅಂಚು ಚರ್ಮ ಮುಟ್ಟುತ್ತಲೇ ಇಲ್ಲ, ಒಂದು ಕಾರ್ಡ್ ತೂರುವಷ್ಟು ಸಂದಿ.

ನಾಲ್ಕು ಮಾಸ್ಕ್ ಹಾಕಿಸಿದರು, ಬಾಯಲ್ಲಿ ಸ್ನಾರ್ಕೆಲ್ ಕಚ್ಚಿಸಿ. ಮೂರನೆಯದು ಕೂತಿತು. ನಾಲ್ಕನೆಯದು ಅದಕ್ಕಿಂತ ಚಂದ ಇತ್ತು, ಆಸೆಯಾಯಿತು, ಅವರೇ ಬೇಡ ಅಂದರು. ಬೆಲೆ 3,200. ಅಕ್ಕ ಹೇಳಿದ ಹಾಗೆ ಬಾಯಿಬಿಟ್ಟು ಕೇಳಿದೆ. 2,900ಕ್ಕೆ ಕೊಟ್ಟರು, ಡಬ್ಬಿ ಜೊತೆಗೆ. ಬಳಸುವ ಮುಂಚೆ ಗಾಜಿನ ಒಳಭಾಗಕ್ಕೆ ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಲ್ಲಿ ಚೆನ್ನಾಗಿ ತಿಕ್ಕಿ ಅಂದರು, ಫ್ಯಾಕ್ಟರಿಯ ಪೊರೆ ಹೋಗಲು. ಇಲ್ಲದಿದ್ದರೆ ಮಂಜು ಕಟ್ಟುತ್ತದಂತೆ. ಜೆಲ್ ಪೇಸ್ಟ್ ಬೇಡವಂತೆ.

ಬೂಟಿ, ಎಸ್‌ಎಂಬಿ ಆನ್‌ಲೈನಲ್ಲೇ ತರಿಸುತ್ತೇನೆ, ಕಿಟ್ಟಪ್ಪನವರೇ ಬೇಸರ ಬೇಡ.

ಕಡಿಮೆಬೆಲೆ ಕಿಟ್ಟಪ್ಪ:
2,100 ಜೊತೆಗೆ 2,900. ಒಟ್ಟು ಐದು ಸಾವಿರದ ಮಾಸ್ಕ್. ಅಭಿನಂದನೆ.

ಗಲ್ಲಾಪೆಟ್ಟಿಗೆ:
ಹಳೆಯದನ್ನು ಹಾಗೇ ಇಟ್ಟುಕೊಳ್ಳಬೇಡಿ ಸಾರ್, ಮುಖ ಅಗಲ ಇರುವ ಯಾರಿಗಾದರೂ ಕೂರಬಹುದು.

ಹುಬ್ಬಳ್ಳಿ ಮೀನ:
ನನ್ನ ಮುಖ ಅಗಲ ಐತ್ರೀ. ಎಷ್ಟಕ್ಕೆ ಕೊಡ್ತೀರಿ?

ಗಿರಿಜಾಮೀಸೆ:
ಕೊರಿಯರ್ ಖರ್ಚು ಕೊಡಿ ಸಾಕು. ಬಂದ ಮೇಲೆ ಕಚ್ಚಿಕೊಂಡು ನೋಡಿ, ಸೋರಿದರೆ ನನಗೆ ಬೈಯಬೇಡಿ.

ಕಾಪುವಿನ ಆಮೆ:
ಅದೆಲ್ಲ ಸರಿ. ಮೀಸೆ ಏನಾಯಿತು?

ಗಿರಿಜಾಮೀಸೆ:
ಅಂಗಡಿಯವರೂ ಅದನ್ನೇ ಅಂದರು. ಮೂಗಿನ ಕೆಳಗೆ ಅರ್ಧ ಬೆರಳಷ್ಟು ತೆಗೆಸಿದ್ದೇನೆ, ತುದಿ ಎರಡೂ ಹಾಗೇ ಇವೆ. ಮನೆಯವಳು ಬೆಳಿಗ್ಗೆಯಿಂದ ನಗುತ್ತಿದ್ದಾಳೆ.